ನನ್ನ ತಲೆ ಮತ್ತು ದೇವಪ್ಪನ ಬಲಗೈ

ಏನೇನು ಆಗಬಹುದಿತ್ತು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದನ್ನು ನೆಮ್ಮದಿಯಿಂದ ಹೇಳಲು ನನ್ನಿಂದ ಆಗುವುದಿಲ್ಲ. ಆಪರೇಷನ್ ಟೇಬಲ್ಲಿನ ಮೇಲೆಯೇ ನಾನು ಸಾಯಬಹುದಿತ್ತು. ಸಾಯದೆ, ಬಲಗೈ ಬಲಗಾಲು ಬಿದ್ದುಹೋಗಿ ಮೂಲೆಯ ಮಂಚ ಸೇರಬಹುದಿತ್ತು. ಮಾತು ಹೋಗಬಹುದಿತ್ತು, ಅಥವಾ ಮಾತು ಉಳಿದು ಬುದ್ಧಿ ಹೋಗಿ, ಹೆಡ್‌ಮಾಸ್ತರರ ಬಗ್ಗೆ ಮನಸ್ಸಿನಲ್ಲಿದ್ದುದನ್ನೆಲ್ಲ ಅವರ ಎದುರಿಗೇ ಆಡಿಬಿಡಬಹುದಿತ್ತು. ತಲೆ ಕೊರೆಯುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಗಿ, ಜನರೇಟರಿನಲ್ಲಿ ಡೀಸೆಲ್ ಇಲ್ಲದಿರಬಹುದಿತ್ತು. ಹುಬ್ಬಳ್ಳಿಯಿಂದ ಬರಬೇಕಾದ ಡಾಕ್ಟರ ರೈಲು ಗದಗಿನಲ್ಲಿಯೇ ನಿಂತುಬಿಡಬಹುದಿತ್ತು. ಬಂದ ಡಾಕ್ಟರು ಎಡಕ್ಕೆ ಕೊರೆಯುವ ಬದಲು ಬಲಕ್ಕೆ ಕೊರೆಯಬಹುದಿತ್ತು. ಎಚ್ಚರವಾದಾಗ ಹೆಂಡತಿಯ ಮುಖ ನೋಡಿ ‘ಯಾರು ನೀವು’ ಎಂದುಬಿಡಬಹುದಿತ್ತು. ರೇಣುಕಾ ಅದನ್ನು ಜೀವ ಇರುವತನಕ ಮರೆಯುತ್ತಿರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ನಾನು ಕೊಪ್ಪಳಕ್ಕೆ ಶಿಕ್ಷಕರ ತರಬೇತಿಗೆ ಹೋಗಿದ್ದೇನೆಂದು ನಂಬಿ ಗಂಗಾವತಿಯ ಮನೆಯ ಕಟ್ಟೆಯ ಮೇಲೆ ಕೂತಿದ್ದ ನನ್ನ ಅಪ್ಪನಿಗೆ ಯಾರಾದರೂ ನಿಜ ಹೇಳಿ, ನನಗಿಂತ ಮೊದಲು ಅವನೇ ಹೋಗಿಬಿಡಬಹುದಿತ್ತು.

ಇವುಗಳಲ್ಲಿ ಒಂದೂ ಆಗಲಿಲ್ಲ. ಆಗಿದ್ದರೆ ಇದನ್ನು ಬರೆಯಲು ನಾನು ಇರುತ್ತಿರಲಿಲ್ಲ, ಇದ್ದರೂ ಎಡಗೈಯಲ್ಲಿ ಬರೆಯುತ್ತಿದ್ದೆ.

ನನ್ನ ಹೆಸರು ಹನುಮಂತಪ್ಪ. ಶ್ರೀರಾಮನಗರದ ಹತ್ತಿರದ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಆಟದ ಮಾಸ್ತರ. ಆಟದ ಮಾಸ್ತರರೆಂದರೆ ಗಟ್ಟಿ ಗುಂಡಿಗೆಯವರೆಂದು ಜನ ತಿಳಿಯುತ್ತಾರೆ. ನಾನು ಕಾಲುವೆಗೆ ನೀರು ಬಿಟ್ಟರೆ ಒಡೆದೀತೆಂದೂ ಬಿಡದಿದ್ದರೆ ಗದ್ದೆ ಒಣಗೀತೆಂದೂ ಹೆದರುವವನು. ಆ ಕಾಲುವೆಯ ಕೆಳಗೆ ನನ್ನದೊಂದು ಗುಂಟೆ ಗದ್ದೆಯೂ ಇಲ್ಲ. ಹುಡುಗರು ಉದ್ದ ಜಿಗಿಯಲು ಓಡಿಬರುವಾಗ ನಾನು ಕಣ್ಣು ಮುಚ್ಚಿಕೊಳ್ಳುತ್ತೇನೆ. ಎಷ್ಟು ಜಿಗಿದರೆಂದು ಆಮೇಲೆ ಅವರನ್ನೇ ಕೇಳುತ್ತೇನೆ.

ಇಷ್ಟು ಹೆದರುವವನಿಗೆ ಕಾಯಿಲೆ ಬಂದರೆ ಮೊದಲ ದಿನವೇ ಗೊತ್ತಾಗಬೇಕಲ್ಲ. ಗೊತ್ತಾಗಲಿಲ್ಲ. ಮೊದಲು ಹೋದದ್ದು ಚಪ್ಪಲಿ. ಬಸ್‌ಸ್ಟ್ಯಾಂಡಿನಿಂದ ಮನೆಯವರೆಗೆ ನಡೆದುಬಂದು ನೋಡಿದರೆ ಎಡಗಾಲಲ್ಲಿ ಚಪ್ಪಲಿ ಇದೆ, ಬಲಗಾಲು ಬರಿದು. ಎಲ್ಲಿ ಬಿತ್ತು, ಹೇಗೆ ಬಿತ್ತು, ಸುಡುವ ರಸ್ತೆಯ ಮೇಲೆ ಬರಿಗಾಲಲ್ಲಿ ಎಷ್ಟು ದೂರ ಬಂದೆ, ಒಂದೂ ನನ್ನ ಅರಿವಿಗೆ ಬಂದಿರಲಿಲ್ಲ.

ಕಟ್ಟೆಯ ಮೇಲಿದ್ದ ಅಪ್ಪ ಕೇಳಿದ, “ಏ ಹನಮಾ, ಒಂದ ಕಾಲಿನ ಚಪ್ಪಲಿ ಯಾವ ಗುಡಿ ಮುಂದ ಬಿಟ್ಟು ಬಂದಿ?”

ಎಲ್ಲರೂ ನಕ್ಕರು. ನಾನೂ ನಕ್ಕೆ. ಓದುವವರಲ್ಲಿ ಒಂದು ವಿನಂತಿ: ನಿಮ್ಮ ಚಪ್ಪಲಿ ನಿಮಗೆ ತಿಳಿಯದೆ ಕಾಲಿನಿಂದ ಕಳಚಿದರೆ ನಗಬೇಡಿ, ಡಾಕ್ಟರ ಹತ್ತಿರ ಹೋಗಿ.

ಆಮೇಲೆ ಬೆಳಗಾಗೆದ್ದರೆ ತಲೆನೋವು. ಆಮೇಲೆ ಕೈಯಲ್ಲಿ ಹಿಡಿದ ಸೀಟಿ ನೆಲಕ್ಕೆ ಬೀಳುವುದು. ಕೊನೆಗೆ ಒಂದು ಬೆಳಿಗ್ಗೆ ಪ್ರಾರ್ಥನೆಯ ಹೊತ್ತು. ‘ವಿಶ್ರಾಮ್’ ಎಂದೆ. ಇಡೀ ಶಾಲೆ ಕಾಲು ಅಗಲಿಸಿ, ಕೈ ಹಿಂದೆ ಕಟ್ಟಿ ನಿಂತಿತು. ಮುಂದೆ ಹೇಳಬೇಕಾದ ಮಾತು ನನ್ನ ಬಾಯಿಯಲ್ಲಿರಲಿಲ್ಲ. ಇಷ್ಟು ವರ್ಷ ದಿನಾ ಕೂಗಿದ ಮಾತು. ನಾಲಿಗೆಗೆ ಬಂದದ್ದು ‘ಸಾಂಬಾರ್’. ಅದನ್ನೇ ಕೂಗಿದೆ. ಹಿಂದಿನ ಸಾಲಿನಲ್ಲಿ ನಗು ಹುಟ್ಟಿ ಮುಂದಿನ ಸಾಲಿಗೆ ಬಂತು, ನನ್ನ ಮುಖ ನೋಡಿ ಅಲ್ಲಿಯೇ ಸತ್ತಿತು. ಶ್ರೀರಾಮನಗರದ ತೆಲುಗು ಮನೆಯವರಾದ ವಿಜ್ಞಾನದ ಮಾಸ್ತರರು ಹತ್ತಿರ ಬಂದು ತೋಳು ಹಿಡಿದು, “ಏಮಂಡಿ ಮಾಸ್ತರು, ಒಂಟ್ಲೋ ಬಾಗಲೇದಾ? ಮೈಯಾಗ ಆರಾಮಿಲ್ಲೇನ್ರಿ? ಬರ್ರಿ, ನೆಳ್ಳಿಗೆ ಕೂಡ್ರಿ” ಎಂದು ತಾವೇ ‘ಸಾವಧಾನ್’ ಕೂಗಿದರು. ಆ ಮಾತು ಅವರ ಬಾಯಲ್ಲಿ ಕೇಳಿದಾಗ, ಕಳೆದ ಚಪ್ಪಲಿ ಬೇರೆಯವರ ಕಾಲಲ್ಲಿ ಕಂಡಂತಾಯಿತು.

ರೇಣುಕಾ ಆ ಮಧ್ಯಾಹ್ನವೇ ನನ್ನನ್ನು ಕೊಪ್ಪಳಕ್ಕೆ ಕರೆದೊಯ್ದಳು. ಹೊರಡುವ ಮೊದಲು ಯಲಬುರ್ಗಾದಿಂದ ಅಕ್ಕನನ್ನು ಕರೆಸಿ ಅಪ್ಪನ ಹತ್ತಿರ ಇರಿಸಿದೆವು. ತರಬೇತಿಯ ಸುಳ್ಳು ಅಕ್ಕನದೇ.

ಸ್ಕ್ಯಾನ್ ಆದ ಮೇಲೆ ಒಬ್ಬ ಹುಡುಗಿಯಂಥ ಡಾಕ್ಟರು ನಮ್ಮನ್ನು ಒಳಗೆ ಕರೆದರು. ಸ್ಕ್ಯಾನಿನ ಫೋಟೋವನ್ನು ಬೆಳಕಿಗೆ ಹಿಡಿದು, “ಎಡಗಡಿ ತಲೆಬುರುಡಿ ಒಳಗ, ಮೆದುಳಿನ ಮ್ಯಾಲ ರಕ್ತ ನಿಂತೈತ್ರಿ. ಮೆದುಳನ್ನ ಬಲಕ್ಕ ಒತ್ತಾಕತ್ತೈತಿ. ಅದಕ್ಕ ನಿಮ್ಮ ಬಲಗೈ ಸೋತೈತಿ, ಮಾತು ತಡವರಸ್ತೈತಿ” ಎಂದರು. ಆಮೇಲೆ, “ತಲೀಗೆ ಏನರ ಏಟು ಬಿದ್ದಿತ್ತೇನ್ರಿ?”

“ಇಲ್ಲ” ಎಂದೆ.

“ಸುಳ್ಳ ಹೇಳಬ್ಯಾಡ್ರಿ” ಎಂದಳು ರೇಣುಕಾ. “ಮೇಡಂ, ಇವರು ಬಾಕ್ಸಿಂಗ್ ಆಡ್ಯಾರ್ರಿ. ಕುಷ್ಟಗಿ ದೇವಪ್ಪಣ್ಣ ಇದ ಎಡಗಡಿಗೆ ಹೊಡದಾನಂತ. ಮದಿವ್ಯಾದಾಗಿಂದ ಆ ಕಥಿ ಕೇಳಕೋಂತ ಬಂದೀನಿ.”

“ಯಾವಾಗ ಹೊಡದಿದ್ರು?”

“ಕಾಲೇಜಿನ್ಯಾಗ ಇದ್ದಾಗ್ರಿ.”

ಡಾಕ್ಟರು ನನ್ನ ಬೋಳಾಗತೊಡಗಿದ್ದ ನೆತ್ತಿಯನ್ನೂ ನರೆತ ಕಿವಿಯಂಚನ್ನೂ ಒಮ್ಮೆ ನೋಡಿದರು. “ನಾಳೆ ಹುಬ್ಬಳ್ಳಿಯಿಂದ ಸರ್ ಬರ್ತಾರ. ಅವರು ನೋಡಿ ಹೇಳ್ತಾರ. ಇವತ್ತ ಅಡ್ಮಿಟ್ ಆಗ್ರಿ. ತೂತು ಹಾಕಿ ರಕ್ತ ತಗೀಬೇಕಾಗ್ತೈತಿ.”

ತೂತು ಎಂದು ಅವರು ಎಷ್ಟು ಹಗುರಾಗಿ ಹೇಳಿದರೆಂದರೆ, ಗೋಡೆಗೆ ಫೋಟೋ ನೇತುಹಾಕುವ ಮಾತು ಅನಿಸಿತು.

ರೇಣುಕಾ ಹೇಳಿದ ಆ ಪಂದ್ಯದ ಬಗ್ಗೆ ನಮ್ಮ ನಾಲ್ಕು ತಾಲೂಕುಗಳಲ್ಲಿ ನಾಲ್ಕು ಕಥೆಗಳಿವೆ. ಗಂಗಾವತಿಯಲ್ಲಿ ಕೇಳಿದರೆ ನಾನು ಗೆದ್ದೆ. ಕುಷ್ಟಗಿಯಲ್ಲಿ ದೇವಪ್ಪ ಗೆದ್ದ. ಯಲಬುರ್ಗಾದ ನನ್ನ ಅಕ್ಕನ ಮನೆಯವರ ಪ್ರಕಾರ ಇಬ್ಬರೂ ಆಸ್ಪತ್ರೆ ಸೇರಿದೆವು. ಕೊಪ್ಪಳದವರು ಮಾತ್ರ ಕಣ್ಣಾರೆ ಕಂಡವರು, ಅವರಿಗೆ ನೆನಪಿರುವುದು ನೆಲ ಒಡೆದದ್ದು.

ನಮ್ಮ ಕಡೆ ಆಗ ಕುಸ್ತಿ ಗೊತ್ತಿತ್ತು, ಬಾಕ್ಸಿಂಗ್ ಯಾರಿಗೂ ಗೊತ್ತಿರಲಿಲ್ಲ. ಫೌಜು ಬಿಟ್ಟು ಬಂದ ಒಬ್ಬ ದೈಹಿಕ ನಿರ್ದೇಶಕರು ನಮ್ಮ ಕಾಲೇಜಿಗೆ ಬಂದು ಎತ್ತರದ ಹುಡುಗರನ್ನೆಲ್ಲ ಸಾಲಾಗಿ ನಿಲ್ಲಿಸಿ ತೂಗಿದರು. ನಾನು ಮಿಡಲ್‌ವೇಟ್ ಎಂದರು. ಬೇಡವೆನ್ನಲು ಹೆದರಿಕೆಯಾಗಿ ಸೇರಿಕೊಂಡೆ. ಅಪ್ಪ ಆಗ ರೈಸ್‌ಮಿಲ್ಲಿನಲ್ಲಿ ಹಮಾಲಿ. ಗೋಣಿಚೀಲಕ್ಕೆ ಭತ್ತದ ಹೊಟ್ಟು ತುಂಬಿ ಮಿಲ್ಲಿನ ಹಿಂದಿನ ಶೆಡ್ಡಿಗೆ ಅವನೇ ನೇತುಹಾಕಿಕೊಟ್ಟ. ಅದಕ್ಕೆ ಹೊಡೆದು ಹೊಡೆದು ನನ್ನ ಬಲಗೈ ಗಟ್ಟಿಯಾಯಿತು. ಗಟ್ಟಿ ಹೊಡೆಯುವವನೆಂದು ಹೆಸರಾದೆ. ಒಳಗಿನ ಸಂಗತಿ ಬೇರೆ. ಪಂದ್ಯ ಉದ್ದವಾದಷ್ಟೂ ನನಗೆ ಹೆಚ್ಚು ಹೆದರಿಕೆಯಾಗುತ್ತಿತ್ತು, ಬೇಗ ಮುಗಿಯಲೆಂದು ಜೋರಾಗಿ ಹೊಡೆಯುತ್ತಿದ್ದೆ. ಎದುರಿನವರು ಅದನ್ನು ಧೈರ್ಯವೆಂದು ತಿಳಿಯುತ್ತಿದ್ದರು.

ಕುಷ್ಟಗಿಯ ದೇವಪ್ಪ ಕುರಿ ಕಾಯುವ ಮನೆಯಿಂದ ಬಂದವನು. ಅವನೂ ಗಟ್ಟಿ ಹೊಡೆಯುವವನು, ಆದರೆ ನಿಧಾನ. ಕೊಪ್ಪಳದ ಕಾಲೇಜು ಮೈದಾನದಲ್ಲಿ ಫೈನಲ್. ರಿಂಗ್ ಎಂದರೆ ನಾಲ್ಕು ಕಂಬ, ಲಾರಿಗೆ ಬಿಗಿಯುವ ಹಗ್ಗ, ಕೆಳಗೆ ಹೊಟ್ಟು ತುಂಬಿದ ಚೀಲಗಳು, ಅವುಗಳ ಮೇಲೆ ಭತ್ತ ಒಣಗಿಸುವ ತಾಡಪಾಲು. ಚೀಲ, ತಾಡಪಾಲು ಎರಡನ್ನೂ ಅಪ್ಪನೇ ಮಿಲ್ಲಿನಿಂದ ಕೇಳಿ ತಂದಿದ್ದ. ಹರಿದರೆ ತಾನೇ ಜವಾಬ್ದಾರನೆಂದು ರಿಂಗಿನ ಅಂಚಿಗೇ ಕೂತಿದ್ದ. ಜನ ಕುಸ್ತಿಯೆಂದು ತಿಳಿದು ಸೇರಿದ್ದರು. ನಾವು ಗುದ್ದಾಡುತ್ತಿದ್ದರೆ ಹಿಂದಿನಿಂದ ಒಬ್ಬ, “ಎಷ್ಟೊತ್ತು ಬಡದಾಡ್ತೀರಲೇ, ಎತ್ತಿ ಒಗೀರಿ” ಎಂದು ಬೇಸರಪಡುತ್ತಿದ್ದ.

ಮೊದಲ ಸುತ್ತಿನಲ್ಲಿ ಗಂಟೆ ಬಾರಿಸಿದ ಕೂಡಲೇ ನಾನು ನುಗ್ಗಿ ಅವನ ಪಕ್ಕೆಗೆ ಹೊಡೆದೆ. ಲಾರಿಯಿಂದ ಚೀಲ ಇಳಿಸಿದಂಥ ಸದ್ದು ಬಂತು. ಅವನು ಮಾತ್ರ ಇಳಿಯಲಿಲ್ಲ. ಅವನ ಬಲಗೈ ಬಂತು. ಬರುವುದು ಕಾಣುತ್ತಿತ್ತು, ತಪ್ಪಿಸಿಕೊಳ್ಳಬೇಕೆಂದೂ ತಿಳಿಯುತ್ತಿತ್ತು, ಅಷ್ಟರಲ್ಲಿ ಬಂದಾಗಿರುತ್ತಿತ್ತು. ಎಡಗಿವಿಯ ಮೇಲೆ, ಕಣಕಾಲಿನವರೆಗೂ ಇಳಿಯುವಂಥ ಏಟು. ಎರಡನೆಯ ಸುತ್ತಿನಲ್ಲಿ ಅವನ ಮೂಗು ಒಡೆಯಿತು, ನನ್ನ ಕಣ್ಣು ಬಾತುಕೊಂಡಿತು. ತಲೆಗೆ ಕಟ್ಟಿದ್ದ ಚರ್ಮದ ಕವಚ ನನಗೆ ದೊಡ್ಡದಾಗಿ ಇನ್ನೊಂದು ಕಣ್ಣಿನ ಮೇಲೆ ಜಾರುತ್ತಿತ್ತು. ಮೂರನೆಯ ಸುತ್ತಿನ ಕೊನೆಗೆ ಇಬ್ಬರೂ ಒಂದೇ ಸಲ ಬಲಗೈ ಬೀಸಿದೆವು. ಎರಡೂ ತಗುಲಿದವು. ಇಬ್ಬರೂ ಬಿದ್ದೆವು. ಕೆಳಗಿನ ಚೀಲ ಒಡೆದು ಹೊಟ್ಟು ಮೇಲೆದ್ದಿತು. ಆ ದೂಳಿನಲ್ಲಿ ರೆಫರಿ ಒಮ್ಮೆ ಅವನ ಕಡೆ, ಒಮ್ಮೆ ನನ್ನ ಕಡೆ ತಿರುಗಿ ಒಂದೇ ಎಣಿಕೆಯನ್ನು ಇಬ್ಬರಿಗೂ ಹಂಚುತ್ತಿದ್ದರು. ಎಣಿಕೆ ಮುಗಿಯುವ ಮೊದಲು ನಾವಿಬ್ಬರೂ ಒಬ್ಬರನ್ನೊಬ್ಬರು ಹಿಡಿದು ಎದ್ದೆವು. ಜನರಿಗೆ ಕಡೆಗೂ ಕುಸ್ತಿ ಕಂಡಂತಾಗಿ ಸಂತೋಷವಾಯಿತು.

ಒಂದು ಪಾಯಿಂಟಿನಿಂದ ದೇವಪ್ಪ ಗೆದ್ದ. ನನಗೆ ದುಃಖವಾಗಲಿಲ್ಲ, ಗೆದ್ದವನು ಮುಂದಿನ ಪಂದ್ಯಕ್ಕೆ ಧಾರವಾಡಕ್ಕೆ ಹೋಗಿ ಮತ್ತೊಬ್ಬನ ಕೈಯಲ್ಲಿ ಏಟು ತಿನ್ನಬೇಕಿತ್ತು. ಆಮೇಲೆ ಇಬ್ಬರೂ ಒಂದೇ ತಟ್ಟೆಯಲ್ಲಿ ಮಂಡಾಳ ವಗ್ಗರಣಿ, ಮಿರ್ಚಿ ತಿಂದೆವು. ಸ್ನೇಹ ಅಲ್ಲಿಂದ. ದೇವಪ್ಪ ಧಾರವಾಡಕ್ಕೆ ಹೋಗಲಿಲ್ಲ. ಜ್ವರ ಬಂತೆಂದು ಹೇಳಿದ. ನಾನು ನಂಬಿದ್ದೆ.

ಮಾರನೆಯ ದಿನ ಬೆಳಿಗ್ಗೆ ಅವನು ಆಸ್ಪತ್ರೆಗೆ ಬಂದ. ರೇಣುಕಾ ಫೋನಿನಲ್ಲಿ ಹೇಳಿದ್ದು ಇಷ್ಟೇ: “ಅಣ್ಣಾ, ಇವರ ತಲ್ಯಾಗ ರಕ್ತ ನಿಂತೈತಂತ, ಎಡಕ್ಕ.” ಅವನು ಕುಷ್ಟಗಿಯಿಂದ ಮೊದಲ ಬಸ್ಸಿಗೇ ಹತ್ತಿದ್ದ. ಈಗ ಅವನಿಗೆ ಕುರಿಗಳ ಜೊತೆ ದಾಳಿಂಬೆ ತೋಟವೂ ಇದೆ. ಒಂದು ಚೀಲ ದಾಳಿಂಬೆ ತಂದಿದ್ದ.

“ರಕ್ತ ಆಗ್ಲಿ ಅಂತ ತಂದೆ” ಎಂದು ರೇಣುಕಾಳ ಕೈಗೆ ಕೊಟ್ಟ.

“ರಕ್ತ ಹೆಚ್ಚಾಗೇ ಈ ಗತಿ ಬಂದೈತಣ್ಣಾ” ಎಂದಳು ಅವಳು. ಆಸ್ಪತ್ರೆಗೆ ಬಂದ ಮೇಲೆ ಅವಳು ಆಡಿದ ಮೊದಲ ತಮಾಷೆ ಅದು. ಆಡಿದ ಮೇಲೆ ಗೋಡೆಯ ಕಡೆ ತಿರುಗಿ ಸೆರಗಿನಿಂದ ಮುಖ ಒರೆಸಿಕೊಂಡಳು.

ದೇವಪ್ಪ ನನ್ನ ಮಂಚದ ಅಂಚಿಗೆ ಕೂತ. ಮಂಚ ಕಿರುಗುಟ್ಟಿತು. ನನ್ನ ಎಡಗಿವಿಯ ಮೇಲಿನ ಜಾಗವನ್ನೇ ನೋಡುತ್ತಿದ್ದ.

“ಇಲ್ಲೇ ಅಲ್ಲೇನು?” ಎಂದ.

ನಾನು ತಲೆಯಾಡಿಸಿದೆ.

“ಅವತ್ತ ಕವಚ ಬಿಚ್ಚಿದ ಮ್ಯಾಲ ನೀ ನನ್ನ ಕೈ ಹಿಡದು ‘ಅಪ್ಪಾ, ಮನೀಗೆ ಹೋಗೂಣು’ ಅಂದಿ. ನೆನಪೈತೇನು? ನಿಮ್ಮಪ್ಪ ಅಲ್ಲೇ ನಿಂತಿದ್ದ. ‘ಇವತ್ತಿನಿಂದ ನೀನ ಸಾಕ್ಕೊಳಪ್ಪಾ ಇವನ್ನ’ ಅಂದು ನಕ್ಕ. ನನಗ ನಗು ಬರಲಿಲ್ಲ ದೋಸ್ತ. ಇವನ ತಲೀ ಕೆಡಿಸಿದೆ ಅಂತ ಅಂಜಿಬಿಟ್ಟೆ. ಧಾರವಾಡಕ್ಕ ಹೋಗ್ಲಿಲ್ಲ. ಅವತ್ತಿನಿಂದ ಕುರಿಗೂ ಕೈ ಎತ್ತಿಲ್ಲ.”

ಇಷ್ಟು ವರ್ಷ ಮದುವೆ, ಮುಂಜಿವೆ, ಸಂತೆ ಎಂದು ಎಷ್ಟೋ ಸಲ ಸಿಕ್ಕಿದ್ದೇವೆ. ಸಿಕ್ಕಾಗಲೆಲ್ಲ ಅವನು ಮೊದಲು ಕೇಳುವುದು, “ತಲಿ ಹೆಂಗೈತಿ?” ಎಂದು. ಅದು ಅವನ ನಮಸ್ಕಾರದ ರೀತಿ ಎಂದುಕೊಂಡಿದ್ದೆ.

‘ನಿಂದೇನೂ ತಪ್ಪಿಲ್ಲ ಬಿಡೋ’ ಎಂದು ಹೇಳಲು ಬಾಯಿ ತೆರೆದೆ. ಬಂದದ್ದು, “ನಿಂದಲ್ಲ… ನಿಂದಲ್ಲ… ಚಪ್ಪಲಿ.” ಮತ್ತೆ ಪ್ರಯತ್ನಿಸಿದೆ. ಮತ್ತೆ ಚಪ್ಪಲಿಯೇ ಬಂತು. ಒಳಗೆ ಮಾತು ಇಡಿಯಾಗಿ, ಸ್ಪಷ್ಟವಾಗಿ ಕೂತಿದೆ; ಬಾಗಿಲು ಮಾತ್ರ ತೆರೆಯುತ್ತಿಲ್ಲ. ಸಾಯುವುದಕ್ಕಿಂತ ಹೆಚ್ಚು ಹೆದರಿಕೆಯಾದದ್ದು ಆಗಲೇ. ಇನ್ನು ಮುಂದೆ ನಾನು ಹೀಗೇ ಇದ್ದುಬಿಟ್ಟರೆ, ಈ ಮನುಷ್ಯ ತನ್ನ ತಪ್ಪೆಂದು ನಂಬಿಕೊಂಡೇ ಬದುಕುತ್ತಾನೆ, ಅಲ್ಲವೆಂದು ಹೇಳಲು ನನ್ನ ಹತ್ತಿರ ಇರುವುದು ಒಂದೇ ಮಾತು, ಚಪ್ಪಲಿ.

ದೇವಪ್ಪ ಅತ್ತುಬಿಟ್ಟ. ಅಷ್ಟು ದೊಡ್ಡ ಆಳು ಅಳುವುದನ್ನು ವಾರ್ಡಿನ ಜನ ಊಟ ನಿಲ್ಲಿಸಿ ನೋಡಿದರು.

ಆಪರೇಷನ್ನಿಗೆ ಅರ್ಧ ತಲೆ ಬೋಳಿಸಿದರೆ ಸಾಕೆಂದು ನರ್ಸು ಹೇಳಿದ್ದಳು. ಅರ್ಧ ತಲೆ ನೋಡಲಾಗದು, ಪೂರ್ತಿಯೇ ತೆಗೆಸುತ್ತೇವೆ ಎಂದಳು ರೇಣುಕಾ. ಆಸ್ಪತ್ರೆಯ ಎದುರಿನ ಅಂಗಡಿಯಿಂದ ಕ್ಷೌರದವನನ್ನು ಕರೆಸಿದರು. ಹಿಂದಿನ ವರಾಂಡದಲ್ಲಿ ಸ್ಟೂಲಿನ ಮೇಲೆ ನನ್ನನ್ನು ಕೂಡಿಸಿದರು. ವಯಸ್ಸಾದ, ಮೆಲುದನಿಯ ಮನುಷ್ಯ. ನೀರು ಚಿಮುಕಿಸಿ, ರೇಜರಿಗೆ ಹೊಸ ಬ್ಲೇಡು ಹಾಕಿಕೊಳ್ಳುತ್ತ ಒಮ್ಮೆ ನನ್ನ ಮುಖ, ಒಮ್ಮೆ ರೇಣುಕಾಳ ಕೆಂಪು ಕಣ್ಣು, ಒಮ್ಮೆ ಕಂಬಕ್ಕೊರಗಿ ಬಿಕ್ಕುತ್ತಿದ್ದ ದೇವಪ್ಪನನ್ನು ನೋಡಿದ. ದೇವಪ್ಪ ತನ್ನಷ್ಟಕ್ಕೆ, “ಇವರಪ್ಪ… ಇವರಪ್ಪಗ ನಾ ಏನಂತ ಹೇಳ್ಲೋ ಶಿವನ” ಎನ್ನುತ್ತಿದ್ದ.

ಕ್ಷೌರದವನು ನಾಲಿಗೆ ಲೊಚಗುಟ್ಟಿ ನನ್ನ ಕಿವಿಯ ಹತ್ತಿರ ಬಗ್ಗಿದ. “ಅಪ್ಪಾರಿಗೆ ವಯಸ್ಸು ಭಾಳ ಏನ್ರಿ?”

“ಎಂಬತ್ತು” ಎಂದೆ. ಆ ಒಂದು ಮಾತು ಹೇಗೋ ಸರಿಯಾಗಿ ಬಂತು.

“ಛಲೋ ಬಾಳು ಬಿಡ್ರಿ” ಎಂದ.

ಇಂಥ ಹೊತ್ತಿನಲ್ಲೂ ನನ್ನ ಅಪ್ಪನನ್ನು ವಿಚಾರಿಸುತ್ತಾನಲ್ಲ, ಎಂಥ ಒಳ್ಳೆಯ ಮನುಷ್ಯ ಎಂದುಕೊಂಡು ಕಣ್ಣು ಮುಚ್ಚಿದೆ. ಬ್ಲೇಡು ಹಣೆಯಿಂದ ಹಿಂದಕ್ಕೆ, ಕಿವಿಯಿಂದ ಕೆಳಕ್ಕೆ, ಮುಖದ ಮೇಲೆ ತಣ್ಣಗೆ ಓಡಾಡಿತು. ನಾನು ಗುಡಿಯಿದ್ದ ಊರುಗಳನ್ನೆಲ್ಲ ನೆನೆಯುತ್ತಿದ್ದೆ. ಹುಲಿಗಿಯಿಂದ ಶುರುಮಾಡಿ ಇಟಗಿಯ ಮಹಾದೇವನವರೆಗೆ ಬಂದಿದ್ದೆ. ಅಷ್ಟರಲ್ಲಿ ಮುಗಿಯಿತು ಎಂದರು.

ಆಮೇಲೆ ಕಾಯುವುದು. ಡಾಕ್ಟರು ರೈಲಿನಲ್ಲಿ ಬರುತ್ತಾರೆಂದು ತಿಳಿದ ಮೇಲೆ ನಾನು ಪ್ರತಿಯೊಂದು ರೈಲಿನ ಕೂಗಿಗೂ ಕಿವಿಗೊಡುತ್ತಿದ್ದೆ. ಒಂದು ಕೂಗಿತು, ಡಾಕ್ಟರು ಬರಲಿಲ್ಲ. “ಅದು ಗೂಡ್ಸ್ ಗಾಡಿ” ಎಂದ ಪಕ್ಕದ ಮಂಚದವನು. ಅವನ ಕಾಲು ಮುರಿದಿತ್ತು, ಬಹಳ ದಿನದಿಂದ ಇದ್ದವನು, ಯಾವ ಕೂಗು ಯಾವ ಗಾಡಿಯದೆಂದು ಬಲ್ಲವನು. ಒಂದು ಗಾಡಿ ಕೂಗಿದಾಗ ಅವನು ನನ್ನ ಕಡೆ ಹೊರಳಿ, “ಇದರಾಗ ಬಂದ್ರು ನೋಡ್ರಿ ನಿಮ್ಮವರು” ಎಂದ. ಕಾಯುತ್ತಿದ್ದವರು ಬಂದರೆಂದು ಅಷ್ಟು ಹೆದರಿಕೆ ನನಗೆ ಎಂದೂ ಆಗಿರಲಿಲ್ಲ.

ಆಪರೇಷನ್ನಿಗೆ ನನ್ನ ಎಚ್ಚರವನ್ನು ಪೂರ್ತಿ ತಪ್ಪಿಸಲಿಲ್ಲ. ತಲೆಯ ಆ ಜಾಗಕ್ಕೆ ಮಾತ್ರ ಜೋಮು ಬರಿಸಿದರು. ಮಂಪರಿತ್ತು, ಸದ್ದು ಕೇಳುತ್ತಿತ್ತು. ಹಸಿರು ಬಟ್ಟೆಯ ಕೆಳಗೆ ನನ್ನ ಕಣ್ಣಿಗೆ ಕಂಡದ್ದು ಡಾಕ್ಟರ ಬೂಟುಗಳಷ್ಟೇ. ಕೊರೆಯುವ ಯಂತ್ರ ಶುರುವಾಯಿತು. ನೋವಿಲ್ಲ, ಆ ಸದ್ದು ಮಾತ್ರ ಹಲ್ಲಿನ ಬೇರಿನೊಳಗೆ, ಬೆನ್ನಹುರಿಯೊಳಗೆ, ನಾನು ಮಲಗಿದ ಕಬ್ಬಿಣದೊಳಗೆ ಇತ್ತು. ರಿಂಗಿನಲ್ಲಿ ಹೆದರಿಕೆಯಾದರೆ ಹೊಡೆಯಬಹುದಿತ್ತು. ಇಲ್ಲಿ ಅಲುಗಾಡುವ ಹಾಗಿಲ್ಲ. ಆಗ ನನಗೆ ನೆನಪಾದದ್ದು ದೇವಪ್ಪನ ಏಟುಗಳೇ. ಬರುವುದು ಕಾಣುತ್ತದೆ, ಬರುತ್ತದೆ, ಆಮೇಲೆ ನಾನು ಇನ್ನೂ ನಿಂತಿರುತ್ತೇನೆ. ಇದನ್ನೂ ಹಾಗೆಯೇ ನಿಂತು ತಿನ್ನಬೇಕು ಎಂದುಕೊಂಡೆ. ಮಲಗಿಯೇ ಇದ್ದೆ, ಅದು ಬೇರೆ ಮಾತು.

ಸದ್ದು ನಿಂತಿತು. ಏನೋ ಬೆಚ್ಚಗೆ ಇಳಿದ ಹಾಗಾಯಿತು. “ಆತ್ರಿ ಮಾಸ್ತರ, ಬಂತು” ಎಂದರು ಡಾಕ್ಟರು, ಬೋರ್‌ವೆಲ್ಲಿನಲ್ಲಿ ನೀರು ಕಂಡವರ ಹಾಗೆ.

ಎಚ್ಚರವಾದಾಗ ತಲೆಗೆ ಪಟ್ಟಿ, ಅದರಿಂದ ಒಂದು ಸಣ್ಣ ನಳಿಕೆ ಇಳಿಬಿದ್ದಿತ್ತು. ಒಂದು ಕಡೆ ರೇಣುಕಾ, ಇನ್ನೊಂದು ಕಡೆ ದೇವಪ್ಪ. ‘ಯಾರು ನೀವು’ ಎನ್ನದಿರಲೆಂದು ನಾನು ಬಾಯಿ ಬಿಗಿದುಕೊಂಡೆ. ದೇವಪ್ಪ ನನ್ನ ಬಲಗೈಯನ್ನು, ಹಕ್ಕಿಮರಿ ಹಿಡಿದ ಹಾಗೆ ಹಿಡಿದಿದ್ದ. “ಬೆರಳು ಮಡಚಾಕ ಬರ್ತೈತೇನು ನೋಡು” ಎಂದ. ನಾನು ಮಡಚಿದೆ. ಒಂದೊಂದಾಗಿ ಬಂದವು, ಹೆಬ್ಬೆರಳು ಕೊನೆಗೆ. ಮುಷ್ಟಿಯಾಯಿತು. ಅದರೊಳಗೆ ಅವನ ಎರಡು ಬೆರಳು ಸಿಕ್ಕಿದ್ದವು.

“ಬಿಡಲೇ, ಮುರೀತಿ” ಎಂದ.

“ಸಾವಧಾನ್” ಎಂದೆ. ಅದೇ ಮೊದಲು ಬಂದ ಮಾತು. ರೇಣುಕಾ ನಗುತ್ತಲೋ ಅಳುತ್ತಲೋ ಎದ್ದು ಹೊರಗೆ ಹೋದಳು.

ಆ ಹೊತ್ತಿಗೆ ಡಾಕ್ಟರು ಬಂದರು. ದೇವಪ್ಪ ಎದ್ದು ನಿಂತ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. “ಸರ್, ಇದು ನಾ ಹೊಡದದ್ದಲ್ರೀ? ಭಾಳ ವರ್ಷ ಆತ್ರಿ. ಬಾಕ್ಸಿಂಗಿನ್ಯಾಗ. ಇದ ಜಾಗದಾಗ.”

ಡಾಕ್ಟರು ಅವನ ಕೈಯನ್ನು ಒಮ್ಮೆ, ಮುಖವನ್ನು ಒಮ್ಮೆ ನೋಡಿದರು. “ಅಷ್ಟು ಹಳೇದಲ್ಲಪ್ಪ. ಹೆಚ್ಚಂದ್ರ ಒಂದೆರಡ ತಿಂಗಳದ ರಕ್ತ. ಇತ್ತೀಚೆಗೆ ಎಲ್ಲೋ ಸಣ್ಣಗೆ ಬಡಕೊಂಡಾರ. ಏನ್ರಿ ಮಾಸ್ತರ, ಬಾಗಿಲಕ್ಕ, ಕಪಾಟಕ್ಕ?”

ಆಗ ಹೊಳೆಯಿತು. ಟಂಟಂ. ಶಾಲೆಗೆ ನಾನು ದಿನಾ ಹೋಗುವ ಆ ಮೂರು ಗಾಲಿಯ ಬಾಡಿಗೆ ಗಾಡಿಯಲ್ಲಿ ಎಡಕ್ಕೆ ಕೂರುತ್ತೇನೆ, ಉರುಳಿದರೆ ಬೇಗ ಹಾರಲು ಅನುಕೂಲವೆಂದು. ಒಂದು ದಿನ ಕಾಲುವೆಯ ಏರಿಯ ಗುಂಡಿಗೆ ಅದು ಎತ್ತಿಹಾಕಿದಾಗ ಮೇಲಿನ ಕಬ್ಬಿಣದ ಸಲಾಕೆ ಟಕ್ಕನೆ ತಲೆಗೆ ಬಡಿದಿತ್ತು. ಉಜ್ಜಿಕೊಂಡು ಮರೆತಿದ್ದೆ. ಜೀವನದಲ್ಲಿ ನಾನು ಚಿಂತೆ ಮಾಡದೆ ಬಿಟ್ಟ ಏಟು ಅದೊಂದೇ ಇರಬೇಕು.

ಡಾಕ್ಟರು ಹೋದ ಮೇಲೆ ದೇವಪ್ಪ ಮತ್ತೆ ಮಂಚದ ಅಂಚಿಗೆ ಕೂತ. ಹೆಗಲು ಇಳಿದಿದ್ದವು, ಉಸಿರು ಸರಾಗವಾಗಿತ್ತು. ಎರಡು ದಾಳಿಂಬೆ ಸುಲಿದು ತಾನೇ ತಿಂದ. ಆಮೇಲೆ ಸ್ವಲ್ಪ ಮುಖ ಊದಿಸಿಕೊಂಡು ಕೇಳಿದ, “ಹಂಗಾರ ನನ್ನ ಏಟಿಗೆ ಏನೂ ಆಗಿದ್ದಿಲ್ಲೇನಲೇ? ಟಂಟಂ ನನಗಿಂತ ಗಟ್ಟಿ ಹೊಡಿತೇನು?”

ನಳಿಕೆ ತೆಗೆದು, ಮತ್ತೊಮ್ಮೆ ಸ್ಕ್ಯಾನ್ ಮಾಡಿ, ಮನೆಗೆ ಹೋಗಬಹುದೆಂದರು. ರಕ್ತ ಮತ್ತೆ ತುಂಬುವುದೂ ಉಂಟು, ತಲೆನೋವು ಬಂದರೆ ಕೂಡಲೇ ಬನ್ನಿ ಎಂದೂ ಹೇಳಿದರು. ಆ ಮಾತು ಈಗಲೂ ನನ್ನ ಜೊತೆಗೇ ಮಲಗಿ ನನ್ನ ಜೊತೆಗೇ ಏಳುತ್ತದೆ. ಬೆಳಿಗ್ಗೆ ಕಣ್ಣು ತೆರೆದ ಕೂಡಲೇ ಬಲಗೈ ಮುಷ್ಟಿ ಕಟ್ಟಿ ನೋಡುತ್ತೇನೆ, ಆಮೇಲೆ ಮಂಚದಿಂದ ಇಳಿಯುತ್ತೇನೆ.

ಟಂಟಂ ಬೇಡವೇ ಬೇಡವೆಂದು ದೇವಪ್ಪ ಒಂದು ಕಾರು ಗೊತ್ತುಮಾಡಿ ತಾನೂ ಜೊತೆಗೆ ಬಂದ. ಪ್ರತಿ ಗುಂಡಿಗೂ ತನ್ನ ಅಂಗೈಯನ್ನು ನನ್ನ ತಲೆಗೂ ಕಾರಿನ ಚಾವಣಿಗೂ ನಡುವೆ ಹಿಡಿಯುತ್ತಿದ್ದ. ಅಪ್ಪನಿಗೆ ಪಟ್ಟಿ ಕಾಣದಿರಲೆಂದು ರೇಣುಕಾ ತಲೆಗೆ ಟವೆಲ್ ಸುತ್ತಿದಳು. ತರಬೇತಿ ಬಿಸಿಲಿನಲ್ಲಿತ್ತು, ಅದಕ್ಕೆ ಟವೆಲ್ ಎಂದು ಹೇಳುವುದು. ನಿಧಾನಕ್ಕೆ ನಿಜ ಬಿಡಿಸುವುದು. ಎಲ್ಲ ಗಟ್ಟಿಯಾಗಿ ಯೋಚಿಸಿ ಇಟ್ಟಿದ್ದೆವು.

ಓಣಿಯ ತುದಿಯಲ್ಲಿ ಕಾರಿನಿಂದ ಇಳಿದೆ. ನೀರಿನ ಕೊಡ ಹೊತ್ತು ಬರುತ್ತಿದ್ದ ಪಕ್ಕದ ಮನೆಯ ನಿಂಗವ್ವ ನನ್ನ ಮುಖ ನೋಡಿ ನಿಂತಳು. ಕಣ್ಣು ಟವೆಲ್ಲಿನಿಂದ ಕೆಳಗಿಳಿದು ನನ್ನ ಮೂಗಿನ ಕೆಳಗೆ ನಿಂತಿತು. ಕೊಡ ಇಳಿಸಿ, ಬಾಯಿಗೆ ಸೆರಗು ಒತ್ತಿಕೊಂಡು, “ಯಾವಾಗ ಹೋದ್ನೋ ಯಪ್ಪಾ ಮುದುಕ” ಎಂದು ಮನೆಯೊಳಗೆ ಓಡಿದಳು.

ಕೈ ತಾನಾಗಿಯೇ ಮೂಗಿನ ಕೆಳಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಇಲ್ಲವೆಂದು ಆಸ್ಪತ್ರೆಯಲ್ಲೇ ತಿಳಿದಿತ್ತು. ಆಮ್ಲಜನಕದ ನಳಿಕೆ ಅಂಟಿಸಲು ಆಸ್ಪತ್ರೆಯವರೇ ತೆಗೆಸಿರಬೇಕೆಂದು ನಾನೂ ರೇಣುಕಾಳೂ ಅಂದುಕೊಂಡಿದ್ದೆವು. ನಮ್ಮ ಮಂದಿಯಲ್ಲಿ ಹರಕೆಗೆ ತಲೆ ಕೊಟ್ಟರೆ ಮೀಸೆ ಉಳಿಸುತ್ತಾರೆ. ತಲೆಯ ಜೊತೆ ಮೀಸೆಯೂ ಹೋದರೆ ಓಣಿಯಲ್ಲಿ ಯಾರೂ ಏನೂ ಕೇಳುವ ಅಗತ್ಯವಿಲ್ಲ. ತಂದೆ ಹೋದನೆಂದೇ ಲೆಕ್ಕ. ಕೇಳಬಾರದೆಂದೇ ಆ ಮೆಲುದನಿಯ ಕ್ಷೌರದವನೂ ಕೇಳಿರಲಿಲ್ಲ; ದೇವಪ್ಪನ ಅಳು ನೋಡಿ ತಾನೇ ತಿಳಿದುಕೊಂಡು, ಮಗನಿಗೆ ಮಾಡಬೇಕಾದದ್ದನ್ನು ಅಚ್ಚುಕಟ್ಟಾಗಿ ಮಾಡಿಮುಗಿಸಿದ್ದ.

ಅಪ್ಪ ಕಟ್ಟೆಯ ಮೇಲೆ ಕೂತಿದ್ದ. ಅವನ ಕಣ್ಣು ಮಂಜು, ಆದರೂ ಕಂಡಿತು. ನನ್ನನ್ನು ನೋಡಿದ, ತನ್ನ ಎದೆಯ ಮೇಲೆ ಕೈಯಿಟ್ಟು ನೋಡಿಕೊಂಡ.

“ನಾ ಅದೀನಲ್ಲೋ ಹನಮಾ” ಎಂದ.

ನನಗೆ ಮಾತು ನಿಂತಿತು. ಈ ಸಲ ರಕ್ತದಿಂದಲ್ಲ. ದೇವಪ್ಪ ಮುಂದೆ ಬಂದು, “ಯಪ್ಪಾ, ಎಲ್ಲಾ ನನ್ನಿಂದ ಆತು…” ಎಂದು ಶುರುಮಾಡಿದ. ಅಪ್ಪ ಅವನ ಗಾತ್ರ ನೋಡಿ, ದನಿ ಹಿಡಿದು ಗುರುತಿಸಿದ.

“ಏ ಕುಷ್ಟಗಿಯವನ, ಮತ್ತ ಹೊಡದೇನು ಇವನ್ನ?”

ಕಟ್ಟೆಯ ಮೇಲೆ ಅವನ ಪಕ್ಕ ಕೂತು ಎಲ್ಲವನ್ನೂ ಹೇಳಿದೆ. ಟವೆಲ್ ಬಿಚ್ಚಿದೆ. ಹಮಾಲಿಕೆಯಲ್ಲಿ ಒರಟಾದ ಅವನ ಅಂಗೈ ಪಟ್ಟಿಯ ಸುತ್ತ, ಮುಟ್ಟಿಯೂ ಮುಟ್ಟದ ಹಾಗೆ ಒಂದು ಸುತ್ತು ಬಂತು. ಆಮೇಲೆ, “ತರಬೇತಿ ಭಾಳ ಜೋರಿತ್ತು ಹಂಗಾರ” ಎಂದ.

ಅಷ್ಟರಲ್ಲಿ ನಿಂಗವ್ವ ಇನ್ನಿಬ್ಬರನ್ನು ಕೂಡಿಸಿಕೊಂಡು ಅಳುತ್ತ ಬಂದಳು. ಅಂಗಳದಲ್ಲಿ, ಯಾರಿಗಾಗಿ ಅಳುತ್ತಿದ್ದಳೋ ಅವನೇ ಎದುರಿಗೆ ಕೂತಿರುವುದನ್ನು ಕಂಡು ಅಳು ಅರ್ಧಕ್ಕೆ ನಿಂತಿತು.

“ಬಾರವ್ವಾ, ಕೂಡು” ಎಂದ ಅಪ್ಪ. “ಚಾ ಮಾಡಾಕತ್ತಾರ. ಕುಡದು ಅಳುವಂತಿ.”

ಸಂಜೆಯವರೆಗೂ ಜನ ಬರುತ್ತಲೇ ಇದ್ದರು. ಪ್ರತಿಯೊಬ್ಬರನ್ನೂ ಅಪ್ಪನೇ ಕರೆದು ಕೂಡಿಸಿ, ತಾನು ಎಷ್ಟು ಒಳ್ಳೆಯವನಾಗಿದ್ದನೆಂದು ಅವರ ಬಾಯಿಂದ ಹೇಳಿಸಿಕೊಂಡ. ದೇವಪ್ಪ ಒಳಗಿನ ಬಾಗಿಲಲ್ಲಿ ನಿಂತು ನನ್ನ ಬೋಳು ತುಟಿಯನ್ನೇ ನೋಡುತ್ತಿದ್ದ.

“ಇದು ಮಾತ್ರ ನನ್ನಿಂದಾನ ಆತಲ್ಲೋ ದೋಸ್ತ” ಎಂದ.

ಹೌದೆಂದೆ. ಸಾವಿನಿಂದ ಹಿಡಿದು ಜನರೇಟರಿನ ಡೀಸೆಲ್‌ವರೆಗೆ ಎಲ್ಲದಕ್ಕೂ ಮೊದಲೇ ಹೆದರಿ ಮುಗಿಸಿದ್ದ ನನಗೆ ಮೀಸೆಯೊಂದು ಹೊಳೆದಿರಲಿಲ್ಲ. ಹೋದದ್ದು ಅದೊಂದೇ.